ಟಿವಿಯಲ್ಲಿ ಕಾಣುವ ತೆಳ್ಳನೆಯ ಮೈಕಟ್ಟು ಹೆಣ್ಣುಮಕ್ಕಳ ಮನಸ್ಸನ್ನು ನಿಜವಾಗಿಯೂ ಬದಲಿಸುತ್ತದೆಯೇ?

ಬದಲಿಸುತ್ತದೆ, ಅದೂ ಬಹಳ ಬೇಗ. ಫಿಜಿಯ ನಾದ್ರೋಗಾ ಪ್ರಾಂತ್ಯವನ್ನೇ ನೋಡಿ. ಅಲ್ಲಿ ಮೈತುಂಬಿಕೊಂಡ ಹೆಣ್ಣಿಗೆ ಗೌರವವಿತ್ತು. ಯಾರಾದರೂ ಸೊರಗಿದರೆ ನೆರೆಹೊರೆಯವರಿಗೇ ಚಿಂತೆ. 1995ರಲ್ಲಿ ಟಿವಿ ಬಂದಿತು, ಜೊತೆಗೆ ಪಾಶ್ಚಾತ್ಯ ಧಾರಾವಾಹಿಗಳೂ ಬಂದವು. 1998ರಲ್ಲಿ ಮನೋವೈದ್ಯೆ ಆನ್ ಬೆಕರ್ ಶಾಲಾ ಹುಡುಗಿಯರನ್ನು ವಿಚಾರಿಸಿದಾಗ ಶೇ 74ರಷ್ಟು ಮಂದಿ ತಾವು ದಪ್ಪಗಿದ್ದೇವೆ ಎಂದು ಒಮ್ಮೊಮ್ಮೆಯಾದರೂ ಅನಿಸುತ್ತದೆ ಎಂದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೂರು ವರ್ಷದ ಹಿಂದೆ, ಟಿವಿ ಬಂದ ಹೊಸತರಲ್ಲಿ ವಿಚಾರಿಸಿದಾಗ, ಒಬ್ಬರೂ ಸಿಕ್ಕಿರಲಿಲ್ಲ. ಈಗ ಆ ಪ್ರಮಾಣ ಶೇ 11 ದಾಟಿತ್ತು.

ಎರಡು ಸಲವೂ ಮಾತನಾಡಿಸಿದ್ದು ಅರವತ್ತು ಚಿಲ್ಲರೆ ಹುಡುಗಿಯರನ್ನು ಮಾತ್ರ, ನಿಜ. ಆದರೆ ನನ್ನನ್ನು ಕಾಡುವುದು ಅವರು ಕೊಟ್ಟ ಕಾರಣ. ಚೆಲುವಿಗಾಗಿ ಮಾತ್ರವಲ್ಲ, ಒಳ್ಳೆಯ ಕೆಲಸ ಸಿಗಬೇಕಾದರೂ ಧಾರಾವಾಹಿಯ ಹೆಂಗಸರಂತೆ ತೆಳ್ಳಗಾಗಬೇಕು ಎಂದು ಹಲವರು ನಂಬಿದ್ದರು. ಬದುಕಿನ ದಾರಿಯೇ ಸೊಂಟದ ಸುತ್ತಳತೆಗೆ ಸಿಕ್ಕಿಬಿದ್ದಿತ್ತು.

ಮೊನ್ನೆ ನಮ್ಮ ಬೀದಿಯ ದರ್ಜಿ ಅಂಗಡಿಯಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಟೇಪು ಸುತ್ತುತ್ತಿದ್ದಂತೆ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡಳು. ಅಳೆಯುತ್ತಿದ್ದಾಕೆ ಕೈ ತಡೆದು, “ಉಸಿರು ಬಿಡಮ್ಮ, ಇಲ್ಲದಿದ್ದರೆ ಬಟ್ಟೆ ಬಿಗಿಯಾಗಿಬಿಡುತ್ತದೆ” ಎಂದರು.