ಮದುವೆ ವಿಡಿಯೊ ಪಿಸಿಗೆ ವಿಂಡೋಸ್ 98

ಪ್ರಶ್ನೆ: ನಮ್ಮ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದ ಪೆಂಟಿಯಂ 3 ಪಿಸಿ ಅಟ್ಟದಲ್ಲಿತ್ತು. ಮ್ಯಾಟ್ರಾಕ್ಸ್ ಆರ್‌ಟಿ2000 ಕಾರ್ಡ್, 1 ಜಿಬಿ ಮೆಮೊರಿ ಇದೆ. ಹಳೆಯ ಗೇಮ್‌ಗಳಿಗಾಗಿ ವಿಂಡೋಸ್ 98 ಹಾಕಿದೆ. ರೀಸ್ಟಾರ್ಟ್ ಆದೊಡನೆ ಮೆಮೊರಿ ಸಾಲದು ಎನ್ನುತ್ತದೆ. 1 ಜಿಬಿ ಸಾಲದೆ?
– ಓದುಗರು, ತುಮಕೂರು

ಉತ್ತರ: ಸಾಲದೆ ಬಂದ ತೊಂದರೆಯಲ್ಲ, ಹೆಚ್ಚಾಗಿ ಬಂದದ್ದು. ಮೆಮೊರಿ ಎಷ್ಟಿದೆಯೋ ಅದಕ್ಕೆ ತಕ್ಕಂತೆ ವಿಂಡೋಸ್ 98 ತನ್ನ (ಡಿಸ್ಕ್‌ನಿಂದ ಓದಿದ್ದನ್ನು ಹಿಡಿದಿಡುವ) ಡಿಸ್ಕ್ ಕ್ಯಾಷ್‌ಗೆ ಜಾಗ ಕಾದಿರಿಸುತ್ತದೆ. 512 ಎಂಬಿ ದಾಟಿದರೆ ಕ್ಯಾಷ್ ಒಂದೇ ಜಾಗವನ್ನೆಲ್ಲ ನುಂಗಿಬಿಡುತ್ತದೆ. 512 ಎಂಬಿ ಉಳಿಯುವಂತೆ ಸ್ಟಿಕ್ ಕಿತ್ತುಬಿಡಿ. ಆ ಕಾಲದ ಗೇಮ್‌ಗೆ ಅದೇ ಧಾರಾಳ. ಕೀಳಲು ಮನಸ್ಸಿಲ್ಲದಿದ್ದರೆ ಸಿಸ್ಟಮ್ ಡಾಟ್ ಐಎನ್ಐ ಫೈಲಿನ ವಿಕ್ಯಾಷ್ ವಿಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಷ್ ಬೆಲೆಯನ್ನು 262144 ಎಂದು ಬರೆಯಿರಿ. ಅಂದರೆ ಕ್ಯಾಷ್‌ಗೆ 256 ಎಂಬಿ (262144 ಕೆಬಿ) ಮಿತಿ.

ಮುಂದಕ್ಕೆ ಹೋಗುವ ಮುನ್ನ ಪ್ರೊಸೆಸರ್ ಸುತ್ತಲಿನ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳನ್ನು ಟಾರ್ಚ್ ಬಿಟ್ಟು ನೋಡಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಕಲೆ ಇದ್ದರೆ, ಈಗ ಪಿಸಿ ಆನ್ ಆಗುತ್ತಿದ್ದರೂ ನಂಬಬೇಡಿ. ಗೇಮ್ ನಡುವೆ ಹ್ಯಾಂಗ್ ಆಗುವುದು ಇದರಿಂದಲೇ. ಅದೇ ಮೈಕ್ರೊಫ್ಯಾರಡ್, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯ, ಒಳರೋಧ ಕಡಿಮೆಯಿರುವ ಲೋ ಇಎಸ್‌ಆರ್ ಕೆಪಾಸಿಟರ್ ಹಾಕಿಸಿ. ಸಾಮಾನ್ಯ ಕೆಪಾಸಿಟರ್ ಬೇಗ ಬಿಸಿಯಾಗಿ ಮತ್ತೆ ಉಬ್ಬುತ್ತದೆ. ಬೋರ್ಡ್ ಮೇಲಿನ ಬಣ್ಣದ ಅರ್ಧವೃತ್ತ ಎಲ್ಲ ಕಂಪನಿಯಲ್ಲೂ ಮೈನಸ್ ತುದಿಯ ಗುರುತಲ್ಲ! ಕೀಳುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ. ಬೋರ್ಡ್ ಮೇಲಿನ 2032 ಸೆಲ್ (ಗಡಿಯಾರ, ಸೆಟ್ಟಿಂಗ್ ಉಳಿಸುವ ಬ್ಯಾಟರಿ) ಹೇಗೂ ಬದಲಿಸಿ.

ಆರ್‌ಟಿ2000 ಎಂದರೆ ಎರಡು ಕಾರ್ಡ್: ಪಿಸಿಐ ಸ್ಲಾಟ್‌ನ ವಿಡಿಯೊ ಕಾರ್ಡ್ ಮತ್ತು ಎಜಿಪಿ ಸ್ಲಾಟ್‌ನ ಗ್ರಾಫಿಕ್ಸ್ ಕಾರ್ಡ್ ಜಿ400. ಮೊದಲನೆಯದನ್ನು ತೆಗೆದಿಡಿ, ಜಿ400 ಇರಲಿ. ಡೈರೆಕ್ಟ್‌ಎಕ್ಸ್ 6ರ ಕಾಲದ ಗೇಮ್‌ಗಳಲ್ಲಿ ಅದರ ಚಿತ್ರ ಇಂದಿಗೂ ಚಂದ; ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ವಿಧಾನ ಬಳಸುವ ಗೇಮ್‌ಗಳಲ್ಲಿ ಮಾತ್ರ ಸೋಲುತ್ತದೆ. ಮೊದಲು ಮದರ್‌ಬೋರ್ಡ್ ಚಿಪ್‌ಸೆಟ್ ಡ್ರೈವರ್, ಆಮೇಲೆ ಜಿ400 ಡ್ರೈವರ್. ತಿರುವುಮುರುವಾದರೆ ಎಜಿಪಿ ಸರಿಯಾಗಿ ಕೆಲಸ ಮಾಡದು.

ಪ್ರಶ್ನೆ: ಇಂಥದ್ದೇ ಪಿಸಿಗೆ 250 ಜಿಬಿ ಐಡಿಇ (ಹಳೆಯ ಅಗಲ ಕೇಬಲ್‌ನ) ಡಿಸ್ಕ್ ಹಾಕಬಹುದೆ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ. ವಿಂಡೋಸ್ 98ರ ಡಿಸ್ಕ್ ಡ್ರೈವರ್‌ಗೆ 137 ಜಿಬಿಯೇ ಗಡಿ. ಡಿಸ್ಕ್ ಅದಕ್ಕಿಂತ ಆಚೆ ತುಂಬಿದಾಗ ಹಿಂದಿನ ಫೈಲ್‌ಗಳ ಮೇಲೆಯೇ ಬರೆದು ಕೆಡಿಸುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಕೆಲವು ಬಯಾಸ್ (ಪಿಸಿ ಆರಂಭಿಸುವ ಸಾಫ್ಟ್‌ವೇರ್) 32 ಜಿಬಿ ಮೇಲಿನ ಡಿಸ್ಕ್ ಕಂಡರೇ ನಿಂತುಬಿಡುತ್ತವೆ. 16 ಜಿಬಿ ಕಾಂಪ್ಯಾಕ್ಟ್‌ಫ್ಲಾಶ್ ಕಾರ್ಡನ್ನು ಐಡಿಇ ಅಡಾಪ್ಟರ್‌ನಲ್ಲಿ ಹಾಕಿದರೆ ಸದ್ದೂ ಇಲ್ಲ, ಬಿಸಿಯೂ ಇಲ್ಲ. ಅಗ್ಗದ ಅಡಾಪ್ಟರ್‌ಗಳಲ್ಲಿ ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ಡೇಟಾ ಸಾಗಿಸುವ ವಿಧಾನ) ಗೆರೆಗಳನ್ನೇ ಜೋಡಿಸಿರುವುದಿಲ್ಲ. ಅಂಥದ್ದಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಎಂಎ ಟಿಕ್ ಹಾಕಬೇಡಿ, ಬೂಟ್ ನಿಂತುಹೋಗುತ್ತದೆ. ಸಿಡಿಯಲ್ಲಿನ ವಿನ್98 ಫೋಲ್ಡರ್ ಅನ್ನು ಕಾರ್ಡ್‌ಗೆ ಕಾಪಿ ಮಾಡಿ ಅಲ್ಲಿಂದಲೇ ಸೆಟಪ್ ಓಡಿಸಿ. ಡ್ರೈವರ್ ಹಾಕಿದಾಗಲೆಲ್ಲ ಸಿಡಿ ಕೇಳುವ ಕಿರಿಕಿರಿ ತಪ್ಪುತ್ತದೆ.