ಸ್ಯಾಕ್ಸೊಫೋನ್: ನೆಕ್ ಹೊಸದು, ಕೆಳಗಿನ ಸ್ವರ ಮಾಯ

ಪ್ರಶ್ನೆ: ಆಲ್ಟೊ ಸ್ಯಾಕ್ಸೊಫೋನಿನ ನೆಕ್ (ಊದುವ ತುದಿಗೂ ವಾದ್ಯದ ಒಡಲಿಗೂ ನಡುವಿನ ಬಾಗಿದ ಕೊಳವೆ) ಬಗ್ಗಿಹೋಗಿ, ಬೇರೆ ಕಂಪನಿಯ ಹೊಸ ನೆಕ್ ತರಿಸಿದ್ದೇನೆ. ವಾದ್ಯದ ಮೇಲ್ತುದಿಯಲ್ಲಿ ನೆಕ್ ಕೂರುವ ಸಾಕೆಟ್‌ನಲ್ಲಿ ಅದು ಸಡಿಲ. ಸ್ಕ್ರೂ ಬಲವಾಗಿ ತಿರುಗಿಸಿದರೆ ನಿಲ್ಲುತ್ತದೆ, ಆದರೆ ಕೆಳಗಿನ ಸಿ, ಬಿ, ಬಿ ಫ್ಲಾಟ್ ನಡುಗುತ್ತವೆ. ಇನ್ನೂ ಬಿಗಿ ಮಾಡಲೇ?

ಉತ್ತರ: ಖಂಡಿತ ಬೇಡ. ಆ ಸ್ಕ್ರೂ ಇರುವುದು ನೆಕ್ ತಿರುಗದಂತೆ ಹಿಡಿಯಲು. ಸೋರಿಕೆ ಮುಚ್ಚುವುದು ಅದರ ಕೆಲಸವಲ್ಲ. ಸಾಕೆಟ್‌ಗೆ ಒಂದು ಕಡೆ ಸೀಳು ಇರುತ್ತದೆ. ಅತಿಯಾಗಿ ಬಿಗಿದಾಗ ಸಾಕೆಟ್ ದುಂಡಗೆ ಉಳಿಯದೆ, ಟೆನನ್ನನ್ನು (ಸಾಕೆಟ್ಟಿನೊಳಗೆ ಹೋಗುವ ನೆಕ್ಕಿನ ತುದಿ) ಅಲ್ಲೊಂದು ಇಲ್ಲೊಂದು ಕಡೆ ಕಚ್ಚಿ ಉಳಿದೆಡೆ ಸಂದು ಬಿಡುತ್ತದೆ. ಅಷ್ಟು ಮೇಲಿನ ಸೋರಿಕೆ ಅರ್ಧ ತೆರೆದ ಆಕ್ಟೇವ್ ರಂಧ್ರದ (ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವ ಚಿಕ್ಕ ತೂತು) ಹಾಗೆ ವರ್ತಿಸುತ್ತದೆ. ಕೆಳಗಿನ ಸ್ವರ ನಡುಗುವುದು, ಮೇಲಿನ ಸ್ಥಾಯಿಗೆ ಹಾರುವುದು ಅದಕ್ಕೇ. ಹೀಗೇ ಬಿಗಿಯುತ್ತ ಹೋದರೆ ಸ್ಕ್ರೂವಿನ ಮರೆ (ಥ್ರೆಡ್) ಸವೆಯುತ್ತದೆ, ಸಾಕೆಟ್ ಶಾಶ್ವತವಾಗಿ ಸೊಟ್ಟಗಾಗುತ್ತದೆ. ಆಮೇಲೆ ಮೂಲ ನೆಕ್ ಕೂಡ ಕೂರುವುದಿಲ್ಲ.

ತಪ್ಪು ಜೋಡಣೆಯಲ್ಲೇ ಇದೆಯೇ ಎಂದು ತಿಳಿಯಲು, ನೆಕ್ ಕೂರಿಸಿ ಸಂದಿನ ಹೊರಗೆ ಸುತ್ತಲೂ ಅಂಟು ಟೇಪ್ ಬಿಗಿಯಾಗಿ ಸುತ್ತಿ ಬಿ ಫ್ಲಾಟ್ ಊದಿ. ಸ್ವರ ಸಲೀಸಾಗಿ ಬಂದರೆ ಸೋರಿಕೆ ಅಲ್ಲೇ. ಬದಲಾಗದಿದ್ದರೆ ನೆಕ್ಕಿನ ಆಕ್ಟೇವ್ ಪ್ಯಾಡ್ (ಆ ರಂಧ್ರ ಮುಚ್ಚುವ ಮೆತ್ತೆ) ಮತ್ತು ಕೆಳಗಿನ ಪ್ಯಾಡುಗಳನ್ನು ನೋಡಬೇಕು.

ಮುಂದಿನದು ಅಳತೆ. ಡಿಜಿಟಲ್ ಕ್ಯಾಲಿಪರ್‌ನಿಂದ ಟೆನನ್ನಿನ ಮೇಲೆ, ನಡುವೆ, ಕೆಳಗೆ, ಪ್ರತಿಯೊಂದು ಕಡೆ ವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ. ಆಲ್ಟೊಗೆ ಸಾಮಾನ್ಯವಾಗಿ 24–25 ಮಿ.ಮೀ., ಟೆನರ್‌ಗೆ 27–28 ಮಿ.ಮೀ. ಆಸುಪಾಸು, ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ವ್ಯತ್ಯಾಸ ಇರಬಹುದು. ಇಲ್ಲಿ 0.1 ಮಿ.ಮೀ. ಕೂಡ ದೊಡ್ಡ ಅಂತರ. ಸ್ಕ್ರೂ ಪೂರ್ತಿ ಸಡಿಲಿಸಿದಾಗಲೂ ನೆಕ್ ಅಲುಗದೆ, ಮೆತ್ತಗೆ ತಡೆಯುತ್ತ ತಿರುಗಬೇಕು. ಆಮೇಲೆ ಸ್ಕ್ರೂಗೆ ಅರ್ಧ ತಿರುವೇ ಸಾಕು.

ಟೆನನ್ ಚಿಕ್ಕದಾಗಿದ್ದರೆ ರಿಪೇರಿಯವರು ಎಕ್ಸ್‌ಪ್ಯಾಂಡರ್ ಉಪಕರಣವನ್ನು ಒಳಗಿಟ್ಟು ಹಿತ್ತಾಳೆಯನ್ನು ಇಷ್ಟಿಷ್ಟೇ ಹಿಗ್ಗಿಸುತ್ತಾರೆ, ಪ್ರತಿ ಸಲವೂ ಕೂರಿಸಿ ನೋಡುತ್ತಾರೆ. ಇಕ್ಕಳದಿಂದ ಮನೆಯಲ್ಲಿ ಮಾಡುವ ಕೆಲಸವಲ್ಲ ಇದು. ಟೆನನ್ ದೊಡ್ಡದಾಗಿದ್ದರೆ ನುಣುಪು ಪುಡಿಯಿಂದ ಸಮನಾಗಿ ಉಜ್ಜಿ ಇಳಿಸಬೇಕಾಗುತ್ತದೆ. ಒಮ್ಮೆ ಹೆಚ್ಚು ಉಜ್ಜಿದರೆ ಮತ್ತೆ ಹಿಗ್ಗಿಸಬೇಕು. ಉದ್ದವನ್ನೂ ಮರೆಯಬೇಡಿ. ಉದ್ದ ಹೆಚ್ಚಿದ್ದರೆ ಟೆನನ್ ತಳಕ್ಕೆ ತಾಗಿ ಮೇಲಿನ ಅಂಚು ಎದ್ದು ನಿಲ್ಲುತ್ತದೆ; ಕಡಿಮೆಯಿದ್ದರೆ ಕೊಳವೆಯೊಳಗೆ ಉಂಗುರದಂಥ ಪೊಳ್ಳು ಉಳಿಯುತ್ತದೆ. ಹಳೆಯ ಕಿಂಗ್ ಸೂಪರ್ 20ರಂಥ ವಾದ್ಯಗಳಲ್ಲಿ ಜೋಡಣೆಯೇ ಎರಡು ಪದರದ್ದು, ಅದಕ್ಕೆ ಮಾಮೂಲಿ ನೆಕ್ ಕೂರದು.

ಟೆನನ್ನಿಗೆ ಕಾರ್ಕ್ ಗ್ರೀಸ್ ಹಚ್ಚಬೇಡಿ, ಧೂಳು ಸೇರಿ ಅಂಟಾಗುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ನಲ್ಲಿ ಟೇಪ್ ಒಂದು ಸುತ್ತು ಸುತ್ತಿ ಒಂದು ಸಂಜೆಯ ಕಾರ್ಯಕ್ರಮ ದಾಟಿಸಬಹುದು, ಅಷ್ಟೇ.

ಪ್ರಶ್ನೆ: ಹೊಸ ನೆಕ್ ಗಟ್ಟಿಯಾಗಿಯೇ ಕೂತಿದೆ. ಆದರೆ ಆಕ್ಟೇವ್ ಕೀ ಒತ್ತಿ ಜಿ ನುಡಿಸಿದಾಗ ನೆಕ್ಕಿನ ಪ್ಯಾಡ್ ಎದ್ದುಬಿಡುತ್ತದೆ.

ಉತ್ತರ: ನೆಕ್ಕಿನ ಆಕ್ಟೇವ್ ಕೀಯ ತುದಿಯ ಉಂಗುರ, ಅದನ್ನು ತಳ್ಳುವ ವಾದ್ಯದ ಆಕ್ಟೇವ್ ಪಿನ್ನಿಗೆ ತೀರ ಹತ್ತಿರವಿದೆ. ಆಕ್ಟೇವ್ ಕೀಯೊಂದಿಗೆ ಜಿ ಹಿಡಿದಾಗ ಪಿನ್ನಿಗೂ ಉಂಗುರಕ್ಕೂ ಮಧ್ಯೆ 1–2 ಮಿ.ಮೀ. ಅಂತರ ಬೇಕು, ಎ ಹಿಡಿದಾಗ ಪಿನ್ ಉಂಗುರವನ್ನು ತಳ್ಳಿ ಪ್ಯಾಡ್ ಎತ್ತಬೇಕು.

ನೆಕ್ ಹೊರತೆಗೆದು, ಉಂಗುರ ಮತ್ತು ಟೆನನ್ ನಡುವೆ ಹೆಬ್ಬೆರಳಿಟ್ಟು ಉಂಗುರ ಅಲುಗದಂತೆ ಹಿಡಿದು, ಪ್ಯಾಡ್ ಕಡೆಯ ಕೀಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ಕೂದಲೆಳೆಯಷ್ಟು ಬಗ್ಗಿದರೂ ಪರಿಣಾಮ ಕಾಣುತ್ತದೆ, ಹಾಗಾಗಿ ಒಂದೊಂದು ಒತ್ತಿಗೂ ಕೂರಿಸಿ ಪರೀಕ್ಷಿಸಿ. ಇದರ ಉಲ್ಟಾ, ಅಂದರೆ ಎ ಹಿಡಿದರೂ ಪ್ಯಾಡ್ ತೆರೆಯದಿದ್ದರೆ, ಪ್ಯಾಡಿನ ಕೆಳಗೆ ಬೆಂಡಿನ ತುಂಡು ಇಟ್ಟು ಉಂಗುರವನ್ನು ಟೆನನ್ ಕಡೆಗೆ ತಳ್ಳಿ. ಕೊನೆಗೆ ಆಕ್ಟೇವ್ ಕೀ ಒತ್ತಿಹಿಡಿದೇ ಜಿ–ಎ, ಜಿ–ಎ ಎಂದು ಬೇಗ ಬೇಗ ಬದಲಿಸಿ ನೋಡಿ. ಜಿಗೆ ಬಂದಾಗ ಪ್ಯಾಡ್ ಕೂತಿರಬೇಕು.

ನೆಕ್ ಕೂರಿಸುವಾಗ ಆಕ್ಟೇವ್ ಕೀಯನ್ನೇ ಹಿಡಿದು ತಿರುಗಿಸುವವರಿದ್ದಾರೆ. ಹೊಂದಾಣಿಕೆ ಕೆಡುವುದು ಬಹುತೇಕ ಅಲ್ಲೇ.

ಪ್ರಶ್ನೆ: ಬೆಳ್ಳಿ ಲೇಪದ ನೆಕ್ ಹಾಕಿದರೆ ನಾದ ಸುಧಾರಿಸುತ್ತದೆಯೇ?

ಉತ್ತರ: ಲೇಪಕ್ಕಿಂತ ಒಳಗಿನ ಕೊಳವೆಯ ಆಕಾರ, ಬಾಗು, ಆಕ್ಟೇವ್ ರಂಧ್ರದ ಜಾಗ ಇವು ಮುಖ್ಯ. ಟ್ಯೂನರ್ ಎದುರಿಟ್ಟು ಎರಡೂ ಸ್ಥಾಯಿಯ ಒಂದೊಂದೇ ಸ್ವರ ನುಡಿಸಿ, ಶ್ರುತಿ ಹೊಂದುವ ನೆಕ್ಕನ್ನೇ ಆರಿಸಿ.