ಸಿಗರೇಟ್ ಕಡಿಮೆ ಮಾಡಿದರೆ 1600 ಮೀಟರ್ ಓಡಲು ದಮ್ಮು ಬರುತ್ತಾ?

ದಿನಕ್ಕೆ ಎಂಟು ಸೇದುತ್ತಿದ್ದವನು ಮೂರಕ್ಕೆ ಇಳಿಸಿದ್ದೇನೆ, ಪೊಲೀಸ್ ಓಟಕ್ಕೆ ಅಷ್ಟು ಸಾಕಾ ಅಂತ ಕೇಳಿದ್ದೀಯಲ್ಲ ತಮ್ಮಾ, ನಾನೂ ಇದೇ ಲೆಕ್ಕ ಹಾಕಿದ್ದೆ.

ನಮ್ಮದು ಗಂಗಾವತಿ. ಕಾನ್‌ಸ್ಟೇಬಲ್ ಆಗಲೇಬೇಕು ಅಂತ ದಿನಾ ಬೆಳಿಗ್ಗೆ ಓಡುತ್ತಿದ್ದೆ. ಭಾನುವಾರ ಅಂಜನಾದ್ರಿಯ 575 ಮೆಟ್ಟಿಲು ಹತ್ತುತ್ತಿದ್ದೆ. ಪರೀಕ್ಷೆಯಲ್ಲಿ 1600 ಮೀಟರ್ ಆರೂವರೆ ನಿಮಿಷದಲ್ಲಿ ಮುಗಿಸಬೇಕಿತ್ತು. ಮೂರು ಸುತ್ತು ಗುಂಪಿನ ಜೊತೆಗೇ ಇದ್ದೆ. ಕೊನೆಯ ಸುತ್ತಿನ ತಿರುವಿನಲ್ಲಿ ಬಾಯಿ ತೆರೆದು ಎಳೆದರೂ ಉಸಿರು ಸಾಲಲಿಲ್ಲ. ಎದೆಯಲ್ಲಿ ಸುಯ್ ಸುಯ್ ಸದ್ದು, ತೊಡೆ ಭಾರ. ಗೆರೆ ದಾಟುವಷ್ಟರಲ್ಲಿ ಸಮಯ ಮುಗಿದಿತ್ತು. ಮುಂದಿನ ನೇಮಕಾತಿ ಬರುವಷ್ಟರಲ್ಲಿ ನನ್ನ ವಯಸ್ಸೇ ಮೀರಿತ್ತು.

ಸೇದಿದ್ದು ತಪ್ಪೇ. ಆದರೆ ನನ್ನನ್ನು ಕೆಡಿಸಿದ್ದು 'ಕಡಿಮೆ ಮಾಡಿದ್ದೇನಲ್ಲ' ಅನ್ನೋ ಧೈರ್ಯ. ಸಂಖ್ಯೆ ಇಳಿಸಿದ ಮೇಲೆ ಒಂದೊಂದನ್ನೂ ಬೆರಳು ಸುಡುವ ತನಕ ಎಳೆಯುತ್ತಿದ್ದೆ. ಹೊಗೆಯನ್ನು ಒಳಗೇ ಹಿಡಿದು ನಿಧಾನ ಬಿಡುತ್ತಿದ್ದೆ. ನಿಕೋಟಿನ್ ಚಟ ಹತ್ತಿದ ದೇಹ ಹಳೇ ಪಾಲನ್ನು ಆದಷ್ಟು ವಸೂಲಿ ಮಾಡಲು ನೋಡುತ್ತದೆ. ಅದರ ಮೇಲೆ, ಗ್ರೌಂಡಿಗೆ ಇಳಿಯುವ ಮೊದಲು ಚಹಾದ ಜೊತೆ ಒಂದು. ಮೈ ಚುರುಕಾಗುತ್ತದೆ ಅಂದುಕೊಂಡಿದ್ದೆ. ಆಗೋದು ಉಲ್ಟಾ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕಕ್ಕೆ ಅಷ್ಟು ಜಾಗ ಕಡಿಮೆಯಾಯಿತು. ಅಂಟಿದ ಕಾರ್ಬನ್ ಮಾನಾಕ್ಸೈಡ್‌ನಲ್ಲಿ ಅರ್ಧ ಹೊರಹೋಗಲು ನಾಲ್ಕೈದು ಗಂಟೆ ಬೇಕು. ನಾನು ಅದನ್ನು ರಕ್ತದಲ್ಲಿ ಇಟ್ಟುಕೊಂಡೇ ಓಡಿದ್ದೆ! ನಿಕೋಟಿನ್ ಬೇರೆ ಎದೆಬಡಿತ ಏರಿಸುತ್ತದೆ. ಉಸಿರುನಾಳ ಮೊದಲೇ ಬಿಗಿಯಾಗಿ ಕಫ ಕಟ್ಟಿರುತ್ತದೆ. ಓಡಿದರೆ ಶ್ವಾಸಕೋಶ ಕ್ಲೀನ್ ಆಗುತ್ತದೆ ಅಂತ ಗೆಳೆಯರು ಹೇಳುತ್ತಾರೆ, ನಂಬಬೇಡ.

ಹಾಗಾಗಿ ಮೂರು ಸಾಕಾ, ಎರಡು ಸಾಕಾ ಅನ್ನೋ ಪ್ರಶ್ನೆಯನ್ನೇ ಬಿಡು. ಪೂರ್ತಿ ನಿಲ್ಲಿಸು, ಇವತ್ತೇ. ಬೀಡಿಗೂ ಹೋಗಬೇಡ. ರಕ್ತದ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನದಲ್ಲಿ ಇಳಿಯುತ್ತದೆ, ಆದರೆ ಶ್ವಾಸಕೋಶ ಸುಧಾರಿಸಲು ವಾರಗಳು, ತಿಂಗಳುಗಳೇ ಬೇಕು. ಪರೀಕ್ಷೆಯ ತಾರೀಖು ಬರಲಿ ಅಂತ ಕಾದರೆ ತಡವಾಗುತ್ತದೆ. ಬಿಟ್ಟ ಹೊಸದರಲ್ಲಿ ಕೆಮ್ಮು ಜಾಸ್ತಿಯಾಗಬಹುದು. ಉಸಿರುನಾಳದ ಸಣ್ಣ ರೋಮಗಳು ಮತ್ತೆ ಕೆಲಸ ಶುರು ಮಾಡಿ ಕಫ ಮೇಲಕ್ಕೆ ತಳ್ಳುತ್ತವೆ, ಅದಕ್ಕೆ. ಹೆದರಿ ಮತ್ತೆ ಹಚ್ಚಬೇಡ. ಆದರೆ ಎದೆಯಲ್ಲಿ ಸುಯ್ ಅನ್ನೋ ಸದ್ದು ಇದ್ದರೆ ಡಾಕ್ಟರಿಗೆ ತೋರಿಸು. ಒಬ್ಬನೇ ಬಿಡಲು ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡು, ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ಸಹಾಯವಾಣಿ ಅದು.